ದವಾಖಾನೆ ನಡೆಸುವ ಡಾಕ್ಟರಿಗೆ ಸೋಷಿಯಲ್ ಮೀಡಿಯಾ: ಎಲ್ಲಿಂದ ಶುರು, ಎಲ್ಲಿ ನಿಲ್ಲಬೇಕು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದ ವೈದ್ಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಮೂರು. ಫೇಸ್‌ಬುಕ್‌ನಲ್ಲಿ ದವಾಖಾನೆಯ ಪೇಜ್ ಮಾಡಿದರೆ ಮೆಡಿಕಲ್ ಕೌನ್ಸಿಲ್ ತಕರಾರು ತೆಗೆಯುತ್ತದೆಯೇ? ಆಪರೇಷನ್ ಫೋಟೊ ಹಾಕಬಹುದೇ? ರಾತ್ರಿ ಹತ್ತಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ಸಾಹೇಬ್ರ, ಕೂಸಿಗೆ ಜ್ವರಾ ಬಂದಾವ, ಯಾವ ಔಷಧ ಹಾಕ್ಲಿ?’ ಎಂಬ ಮೆಸೇಜಿಗೆ ಏನು ಮಾಡುವುದು?

ಚುಟುಕಾಗಿ ಹೇಳುವುದಾದರೆ, ಪೇಜ್ ಮಾಡಬಹುದು. ಆಪರೇಷನ್ ಫೋಟೊ ಬಹುತೇಕ ಬೇಡ. ಮೆಸೇಜಿಗೆ ಉತ್ತರ ಕೊಡಲು ಒಂದು ಕ್ರಮವಿದೆ, ಅದನ್ನು ಬಿಟ್ಟು ಔಷಧದ ಹೆಸರು ಬರೆಯಬಾರದು.

ಬೆಂಗಳೂರು, ಮುಂಬೈ ಡಾಕ್ಟರುಗಳಿಗಾಗಿ ಬರೆದ ಸಲಹೆಗಳು ನಮ್ಮ ಕಡೆ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತವೆ. ಅಲ್ಲಿ ‘45 ವರ್ಷದ ಗಂಡಸು’ ಎಂದರೆ ಯಾರೂ ಅಲ್ಲ. ತೇರದಾಳದಲ್ಲೋ ಇಂಡಿಯಲ್ಲೋ ‘45 ವರ್ಷದ ಟ್ರ್ಯಾಕ್ಟರ್ ಚಾಲಕ, ಹೋದ ವಾರ ಕಾಲು ಮುರಿದಿತ್ತು’ ಎಂದರೆ ಸಾಕು, ಹೆಸರು ಬರೆಯದಿದ್ದರೂ ಓಣಿಗೆಲ್ಲ ಗೊತ್ತಾಗುತ್ತದೆ. ಎಲ್ಲರಿಗೂ ಹೇಳುವ ಮಾತು ಬೇರೆ, ಒಬ್ಬ ರೋಗಿಗೆ ಹೇಳುವ ಮಾತು ಬೇರೆ. ಕೆಳಗಿನ ಹಂತಗಳೆಲ್ಲ ಈ ಎರಡನ್ನು ಬೇರೆ ಇಡುವ ಉಪಾಯಗಳೇ.

ಹಂತ 1: ನಿಯಮ ತಿಳಿದುಕೊಳ್ಳಿ

ಎಂಬಿಬಿಎಸ್ ಮತ್ತು ಅದರ ಮೇಲಿನ ಪದವಿಯ ವೈದ್ಯರಿಗೆ ಆಧಾರ 2002ರ ವೃತ್ತಿ ನಡತೆ ನಿಯಮಾವಳಿ. ಸೋಷಿಯಲ್ ಮೀಡಿಯಾ ಬಗ್ಗೆಯೇ ಪ್ರತ್ಯೇಕ ಮಾರ್ಗಸೂಚಿ ಇದ್ದ ಹೊಸ ನಿಯಮಾವಳಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ 2ರಂದು ಹೊರಡಿಸಿ, ಅದೇ ತಿಂಗಳ 23ರಂದು ತಡೆಹಿಡಿಯಿತು. ‘ಹೊಸದು ನಿಂತಿದೆ, ಈಗ ಏನೂ ನಿಯಮವಿಲ್ಲ’ ಎಂದು ತಿಳಿದವರು ಬಹಳ. ಅದು ತಪ್ಪು, ಹಳೆಯ ನಿಯಮಾವಳಿಗೇ ಮತ್ತೆ ಜೀವ ಬಂದಿದೆ. ಆಯುಷ್ ಮತ್ತು ದಂತ ವೈದ್ಯರು ತಮ್ಮ ತಮ್ಮ ಮಂಡಳಿಯ ನಿಯಮ ನೋಡಿಕೊಳ್ಳಬೇಕು.

2002ರ ನಿಯಮಾವಳಿಯ ಸಾರ ಹೀಗಿದೆ. ರೋಗಿಗಳನ್ನು ನೇರವಾಗಲಿ, ಸುತ್ತುಬಳಸಿ ಆಗಲಿ ಕರೆಯುವಂತಿಲ್ಲ. ತಾನು ಮಾಡಿದ ಆಪರೇಷನ್, ಗುಣಪಡಿಸಿದ ಕೇಸುಗಳ ಬಗ್ಗೆ ಹೊಗಳಿಕೊಳ್ಳುವಂತಿಲ್ಲ, ಬೇರೆಯವರು ಹಾಗೆ ಪ್ರಕಟಿಸಲು ಬಿಡುವಂತೆಯೂ ಇಲ್ಲ. ಔಷಧ, ಉಪಕರಣಗಳಿಗೆ ‘ಇದು ಒಳ್ಳೆಯದು’ ಎಂದು ಪ್ರಚಾರದ ಶಿಫಾರಸು ಕೊಡುವಂತಿಲ್ಲ. ಆದರೆ ಪ್ರ್ಯಾಕ್ಟೀಸ್ ಶುರು ಮಾಡಿದ್ದು, ವಿಳಾಸ ಬದಲಾದದ್ದು, ಕೆಲವು ದಿನ ಊರಲ್ಲಿ ಇಲ್ಲದಿರುವುದು, ಫೀಸು ಎಷ್ಟು ಎನ್ನುವುದು, ಇಂಥವನ್ನು ಪತ್ರಿಕೆಯಲ್ಲಿ ಪ್ರಕಟಿಸಲು ಅವಕಾಶವಿದೆ. ನಿಮ್ಮ ಪೇಜಿಗೂ ಅದನ್ನೇ ಅಳತೆಯಾಗಿ ಇಟ್ಟುಕೊಳ್ಳಿ. ಸಾರ್ವಜನಿಕ ಆರೋಗ್ಯ, ಶುಚಿತ್ವ, ಒಳ್ಳೆಯ ಜೀವನಕ್ರಮದ ಬಗ್ಗೆ ಸ್ವಂತ ಹೆಸರಿನಲ್ಲೇ ಬರೆಯಬಹುದು, ಮಾತಾಡಬಹುದು. ನಿಮ್ಮ ಕೆಲಸಕ್ಕೆ ಇಷ್ಟು ಜಾಗ ಸಾಕಾಗುತ್ತದೆ.

ಇದರ ಹೊರಗೆ ಎರಡು ಕಾನೂನು ನೆನಪಿರಲಿ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ, ಕ್ಯಾನ್ಸರ್, ಮೂರ್ಛೆರೋಗ, ಕಣ್ಣಿನ ಪೊರೆ, ಕಿಡ್ನಿ ಕಲ್ಲು, ಬೊಜ್ಜು ಎಲ್ಲವೂ ಇವೆ. ಇವು ಇಂಥ ಔಷಧದಿಂದ ಗುಣವಾಗುತ್ತವೆ ಎಂದು ಜಾಹೀರಾತು ಮಾಡಿದರೆ ಅಪರಾಧ. ‘ಆಪರೇಷನ್ ಇಲ್ಲದೆ ಕಲ್ಲು ಮಾಯ’ ಎಂಬ ಬ್ಯಾನರ್ ಇದೇ ಪಟ್ಟಿಗೆ ಬಂದು ಬೀಳುತ್ತದೆ. ಎರಡನೆಯದು ಪಿಸಿಪಿಎನ್‌ಡಿಟಿ, ಅಂದರೆ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ. ಅದರ 22ನೇ ಕಲಂ ಭ್ರೂಣಲಿಂಗ ಪತ್ತೆಯ ಬಗ್ಗೆ ಇಂಟರ್‌ನೆಟ್ ಸೇರಿ ಯಾವ ಬಗೆಯ ಜಾಹೀರಾತಿಗೂ 3 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ ಇಟ್ಟಿದೆ. ಸ್ಕ್ಯಾನಿಂಗ್ ಸೆಂಟರಿನವರು ತಮಾಷೆಗೂ ‘ಗಂಡೋ ಹೆಣ್ಣೋ’ ರೀಲ್ಸ್ ಹಂಚಬಾರದು. ವಿದೇಶದ ಯಾರೋ ಮಾಡಿದ ವಿಡಿಯೊ ಆದರೂ ಅಷ್ಟೇ.

ಹಂತ 2: ಮನೆಯ ಖಾತೆ ಬೇರೆ, ದವಾಖಾನೆಯ ಖಾತೆ ಬೇರೆ

ಬೇಕಾಗುವುದು ಹೆಚ್ಚೇನಿಲ್ಲ: ಒಂದು ಪ್ರತ್ಯೇಕ ಸಿಮ್, ಒಂದು ಪ್ರತ್ಯೇಕ ಇಮೇಲ್, ಸಾಧ್ಯವಿದ್ದರೆ ಕೌಂಟರಿನಲ್ಲೇ ಇರುವ ಒಂದು ಫೋನ್.

ಫೇಸ್‌ಬುಕ್‌ನಲ್ಲಿ ವೈಯಕ್ತಿಕ ಪ್ರೊಫೈಲನ್ನೇ ದವಾಖಾನೆಗೆ ಬಳಸಬೇಡಿ, ಪೇಜ್ ತೆರೆಯಿರಿ. ಪ್ರೊಫೈಲಿಗೆ 5,000 ಸ್ನೇಹಿತರ ಮಿತಿಯಿದೆ. ಅದಕ್ಕಿಂತ ಮುಖ್ಯವಾಗಿ, ರೋಗಿಯನ್ನು ‘ಫ್ರೆಂಡ್’ ಮಾಡಿಕೊಂಡರೆ ಅವರ ಮನೆ ಜಗಳ ನಿಮಗೆ, ನಿಮ್ಮ ಮಕ್ಕಳ ಫೋಟೊ ಅವರಿಗೆ ಕಾಣುತ್ತದೆ.

ಪೇಜಿನ ಪರಿಚಯದಲ್ಲಿ ಬರೆಯಬೇಕಾದದ್ದು: ಹೆಸರು, ಮಾನ್ಯತೆ ಪಡೆದ ಪದವಿ, ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ, ದವಾಖಾನೆಯ ಕೆಪಿಎಂಇ ಸಂಖ್ಯೆ (ಖಾಸಗಿ ದವಾಖಾನೆಗಳ ನೋಂದಣಿಗೆ ರಾಜ್ಯದ 2007ರ ಕಾಯ್ದೆಯಡಿ ಕೊಡುವ ಸಂಖ್ಯೆ), ವಿಳಾಸ, ಸಮಯ, ವಾರದ ರಜೆ. ಒಂದು ವಾರದ ಕೋರ್ಸಿನ ಸರ್ಟಿಫಿಕೇಟನ್ನು ಪದವಿಯ ಸಾಲಿನಲ್ಲಿ ಸೇರಿಸಬೇಡಿ. ‘ನಂಬರ್ ಒನ್’, ‘ಉತ್ತರ ಕರ್ನಾಟಕದಲ್ಲೇ ಪ್ರಥಮ’ ಎಂಬ ಪದಗಳೂ ಬೇಡ.

ಇಲ್ಲಿ ಹೆಚ್ಚಿನವರು ಎಡವುವುದು ಒಡೆತನದಲ್ಲಿ. ಪೇಜನ್ನು ಊರಿನ ಡಿಸೈನ್ ಅಂಗಡಿಯ ಹುಡುಗನೋ ಮಾರ್ಕೆಟಿಂಗ್ ಏಜೆನ್ಸಿಯೋ ತಮ್ಮ ಖಾತೆಯಿಂದ ತೆರೆದಿರುತ್ತಾರೆ. ಎರಡು ವರ್ಷದ ನಂತರ ದುಡ್ಡಿನ ವಿಷಯಕ್ಕೆ ಮಾತು ಬಂದರೆ ಪೇಜ್ ಅವರ ಕೈಯಲ್ಲೇ ಉಳಿಯುತ್ತದೆ. ಪೇಜನ್ನು ನೀವೇ ತೆರೆಯಿರಿ, ಪೂರ್ಣ ನಿಯಂತ್ರಣ ನಿಮ್ಮ ಖಾತೆಗೆ ಇರಲಿ, ಏಜೆನ್ಸಿಗೆ ಪೋಸ್ಟ್ ಹಾಕುವಷ್ಟು ಅಧಿಕಾರ ಮಾತ್ರ ಕೊಡಿ. ಎರಡು ಹಂತದ ದೃಢೀಕರಣ, ಅಂದರೆ ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಕೋಡ್, ಮೊದಲ ದಿನವೇ ಹಾಕಿ. ಏಜೆನ್ಸಿ ಬರೆದ ಪ್ರತಿ ಸಾಲಿಗೂ ಕೌನ್ಸಿಲ್ ಮುಂದೆ ಉತ್ತರ ಹೇಳುವವರು ನೀವು. ‘ಅವರು ಹಾಕಿದ್ರು, ನನಗೆ ಗೊತ್ತಿರಲಿಲ್ಲ’ ಎನ್ನುವುದು ನಿಲ್ಲುವುದಿಲ್ಲ.

ಲೈಕು, ಫಾಲೋವರ್ ಕೊಳ್ಳಬೇಡಿ. ಮುಧೋಳದ ಮಕ್ಕಳ ಡಾಕ್ಟರಿಗೆ ಬೇರೆ ದೇಶದ ಹತ್ತು ಸಾವಿರ ಫಾಲೋವರ್ ಯಾಕೆ?

ಹಂತ 3: ವಾಟ್ಸ್‌ಆ್ಯಪ್ ಹದಕ್ಕೆ ತನ್ನಿ

ನಮ್ಮ ಜಿಲ್ಲೆಗಳಲ್ಲಿ ಸೋಷಿಯಲ್ ಮೀಡಿಯಾ ಅಂದರೆ ಮೊದಲಿಗೆ ವಾಟ್ಸ್‌ಆ್ಯಪ್. ಹೆಚ್ಚು ಹಾನಿಯಾಗುವುದೂ ಇಲ್ಲೇ.

ಹೊಸ ಸಿಮ್‌ಗೆ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿ. ಅದರಲ್ಲಿ ‘ಗ್ರೀಟಿಂಗ್ ಮೆಸೇಜ್’ ಎಂಬ ಸೌಲಭ್ಯವಿದೆ. ಯಾರಾದರೂ ಮೊದಲ ಸಲ ಬರೆದಾಗ ತಾನಾಗಿಯೇ ಹೋಗುವ ಉತ್ತರ ಅದು. ಹೀಗೆ ಬರೆಯಬಹುದು:

‘ನಮಸ್ಕಾರ. ಈ ನಂಬರ್ ಪಾಳಿ ಹಚ್ಚಲು, ಸಮಯ ಕೇಳಲು ಮಾತ್ರ. ಇಲ್ಲಿ ಔಷಧ ಹೇಳುವುದಿಲ್ಲ. ಎದೆನೋವು, ಉಸಿರಾಟಕ್ಕೆ ತ್ರಾಸು, ಫಿಟ್ಸ್, ಹಾವು ಕಚ್ಚಿದ್ದು, ವಿಷ ಕುಡಿದದ್ದು: ಉತ್ತರಕ್ಕೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ.’

ಇದರ ಕೆಳಗೆ ಅದನ್ನೇ ಮರಾಠಿಯಲ್ಲೂ ಹಾಕಿ. ನಿಪ್ಪಾಣಿ, ಖಾನಾಪುರ, ಬೆಳಗಾವಿಯಲ್ಲಿ ಇದು ಬೇಕೇ ಬೇಕು. ಎರಡೂ ಭಾಷೆ ಓದಲು ಬಾರದವರಿಗೆ 20 ಸೆಕೆಂಡಿನ ಧ್ವನಿ ಸಂದೇಶ ರೆಕಾರ್ಡ್ ಮಾಡಿಟ್ಟುಕೊಂಡು ಕೌಂಟರಿನವರಿಂದ ಕಳಿಸಿ.

ಇನ್ನು ಗ್ರೂಪಿನ ಮಾತು. ‘ಶುಗರ್ ಪೇಶಂಟ್ಸ್’ ಎಂದು ಗ್ರೂಪ್ ಮಾಡಿ 200 ಜನರನ್ನು ಸೇರಿಸಿದರೆ, ಪ್ರತಿಯೊಬ್ಬರ ನಂಬರ್ ಮತ್ತು ಕಾಯಿಲೆ ಉಳಿದವರಿಗೆಲ್ಲ ತಿಳಿಯಿತು ಎಂದರ್ಥ. ಗುಟ್ಟು ಬಯಲು ಮಾಡಿದವರು ನೀವೇ ಆಗುತ್ತೀರಿ. ಬದಲಿಗೆ ಎರಡು ದಾರಿ ಇವೆ. ಒಂದು ಬ್ರಾಡ್‌ಕಾಸ್ಟ್ ಲಿಸ್ಟ್: 256 ಜನರವರೆಗೆ ಒಂದೇ ಸಲ ಹೋಗುತ್ತದೆ, ಒಬ್ಬರಿಗೊಬ್ಬರು ಕಾಣುವುದಿಲ್ಲ. ಆದರೆ ನಿಮ್ಮ ನಂಬರ್ ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ‘ಕಳಿಸಿದೆ, ಯಾರಿಗೂ ಬರಲಿಲ್ಲ’ ಎಂಬ ದೂರಿಗೆ ಕಾರಣ ಇದೇ. ಇನ್ನೊಂದು ಚಾನೆಲ್: ಸೇರಿದವರ ನಂಬರ್ ಬೇರೆ ಸದಸ್ಯರಿಗೆ ಕಾಣುವುದಿಲ್ಲ, ಅವರು ಇಮೋಜಿ ಒತ್ತಬಹುದೇ ಹೊರತು ಪ್ರಶ್ನೆ ಬರೆಯಲಾಗದು. ಆರೋಗ್ಯ ಮಾಹಿತಿಗೆ ಚಾನೆಲ್ಲೇ ವಾಸಿ. ಕ್ಯೂಆರ್ ಕೋಡ್ ಮುದ್ರಿಸಿ ಕಾಯುವ ಕೋಣೆಯ ಗೋಡೆಗೆ ಅಂಟಿಸಿ, ಬೇಕಾದವರು ತಾವೇ ಸೇರಲಿ.

ಒಂದು ಸಣ್ಣ ಸೆಟ್ಟಿಂಗನ್ನು ಬಹುತೇಕರು ಮರೆಯುತ್ತಾರೆ. ರೋಗಿ ಕಳಿಸಿದ ಗಾಯದ ಫೋಟೊ, ರಿಪೋರ್ಟು ಫೋನಿನ ಗ್ಯಾಲರಿಗೆ ಇಳಿಯುತ್ತದೆ, ಅಲ್ಲಿಂದ ಗೂಗಲ್ ಫೋಟೊಸ್ ಬ್ಯಾಕಪ್‌ಗೆ ಹೋಗಬಹುದು, ಮನೆಯವರು ಮದುವೆ ಫೋಟೊ ನೋಡುವಾಗ ನಡುವೆ ಬಂದು ನಿಲ್ಲುತ್ತದೆ. ಆ್ಯಂಡ್ರಾಯ್ಡ್ ಫೋನಿನಲ್ಲಿ ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್, ಚಾಟ್ಸ್, ಅಲ್ಲಿ ‘ಮೀಡಿಯಾ ವಿಸಿಬಿಲಿಟಿ’ ಆಫ್ ಮಾಡಿ. ಇದು ಮುಂದೆ ಬರುವ ಫೋಟೊಗಳಿಗೆ ಮಾತ್ರ. ಈಗಾಗಲೇ ಗ್ಯಾಲರಿಗೆ ಬಂದವನ್ನು ಕೈಯಾರೆ ತೆಗೆಯಬೇಕು.

ಹಂತ 4: ಮೆಸೇಜಿನಲ್ಲಿ ಬಂದ ರೋಗಿ

ಕಮೆಂಟಿನಲ್ಲಿ ಯಾರಾದರೂ ‘ನನಗೆ ಮೂರು ತಿಂಗಳಿಂದ ಬಿಳಿಸೆರಗು’ ಎಂದು ಬರೆದರೆ ಅಲ್ಲೇ ಉತ್ತರಿಸಬೇಡಿ. ಕಮೆಂಟನ್ನು ಮರೆಮಾಡಿ, ‘ದವಾಖಾನೆಗೆ ಬನ್ನಿ ಅಥವಾ ಈ ನಂಬರಿಗೆ ಸಮಯ ಕೇಳಿ’ ಎಂದು ಖಾಸಗಿಯಾಗಿ ತಿಳಿಸಿ.

ಫೋನಿನಲ್ಲೇ ನೋಡಬೇಕೆಂದಿದ್ದರೆ ಅದು ಟೆಲಿಮೆಡಿಸಿನ್, ಅಂದರೆ ದೂರದಿಂದಲೇ ಮಾಡುವ ವೈದ್ಯಕೀಯ ಸಲಹೆ. ಇದಕ್ಕೆ 2020ರ ಮಾರ್ಚ್ 25ರ ಮಾರ್ಗಸೂಚಿ ಇದೆ. ಗೋವಾಕ್ಕೋ ಮುಂಬೈಗೋ ದುಡಿಯಲು ಹೋದ ವಿಜಯಪುರ, ಬಾಗಲಕೋಟೆಯ ಮಂದಿ ನಿಮ್ಮನ್ನೇ ಕೇಳುವುದರಿಂದ ಇದು ನಿಮಗೆ ಬೇಕಾಗುತ್ತದೆ. ಕ್ರಮ ಹೀಗೆ:

ರೋಗಿಯ ಹೆಸರು, ವಯಸ್ಸು, ಊರು, ಫೋನ್ ನಂಬರ್ ಕೇಳಿ. ನಿಮ್ಮ ಹೆಸರು, ಪದವಿ ಹೇಳಿ. ಮಗುವಾದರೆ ದೊಡ್ಡವರು ಜೊತೆಗಿರಬೇಕು, ಅವರು ಯಾರೆಂದು ಖಾತ್ರಿ ಮಾಡಿಕೊಳ್ಳಬೇಕು. ತುರ್ತು ಅನ್ನಿಸಿದರೆ ಮಾತು ನಿಲ್ಲಿಸಿ ಆಸ್ಪತ್ರೆಗೆ ಕಳಿಸಬೇಕು. ನಂತರ ಔಷಧ, ಇವನ್ನು ಮಾರ್ಗಸೂಚಿ ಪಟ್ಟಿಗಳಾಗಿ ವಿಂಗಡಿಸಿದೆ. ಪ್ಯಾರಾಸಿಟಮಾಲ್, ಒಆರ್‌ಎಸ್‌ನಂಥ ‘ಓ’ ಪಟ್ಟಿಯವನ್ನು ಯಾವ ಮಾಧ್ಯಮದಲ್ಲಾದರೂ ಹೇಳಬಹುದು. ‘ಎ’ ಪಟ್ಟಿಯವಕ್ಕೆ ಮೊದಲ ಸಲ ವಿಡಿಯೊ ಕರೆಯೇ ಆಗಬೇಕು. ‘ಬಿ’ ಪಟ್ಟಿಯವು, ಮೊದಲು ಎದುರಿಗೆ ನೋಡಿದ ಅದೇ ಕಾಯಿಲೆಯ ಮುಂದುವರಿಕೆಗೆ ಮಾತ್ರ. ಆರು ತಿಂಗಳೊಳಗೆ ನೋಡಿದ್ದರೆ ಅದು ಮುಂದುವರಿಕೆ, ಆರು ತಿಂಗಳು ದಾಟಿದ್ದರೆ ಹೊಸ ಕೇಸು. ಶೆಡ್ಯೂಲ್ ಎಕ್ಸ್ (ಮಾರಾಟಕ್ಕೆ ಕಟ್ಟುನಿಟ್ಟಿನ ನಿಯಂತ್ರಣವಿರುವ ಔಷಧಗಳ ಪಟ್ಟಿ) ಮತ್ತು ಮಾದಕ ದ್ರವ್ಯ ಕಾಯ್ದೆಯ ಔಷಧಗಳು ಫೋನಿನಲ್ಲಿ ಬಿಲ್‌ಕುಲ್ ಇಲ್ಲ.

ಔಷಧ ಹೇಳಿದರೆ ಚಿತ್ತು ಕಾಗದದಲ್ಲಲ್ಲ, ನೋಂದಣಿ ಸಂಖ್ಯೆ ಮತ್ತು ಸಹಿ ಇರುವ ಚೀಟಿಯ ಫೋಟೊ ಕಳಿಸಿ, ಒಂದು ಪ್ರತಿ ನಿಮ್ಮ ಬಳಿ ಇಡಿ. ದಾಖಲೆಗಳನ್ನು ಕನಿಷ್ಠ 3 ವರ್ಷ ಇಡಬೇಕು. ಚಾಟ್ ಅಳಿಸಿಹೋಗುವ ‘ಡಿಸಪಿಯರಿಂಗ್ ಮೆಸೇಜ್’ ಈ ಫೋನಿನಲ್ಲಿ ಆನ್ ಇರಬಾರದು. ಫೀಸು ತೆಗೆದುಕೊಂಡರೆ ರಸೀದಿ ಕೊಡಿ. ಫೀಸು ಕೇಳಲು ಸಂಕೋಚಪಟ್ಟು ‘ಸುಮ್ಮನೆ ಒಂದು ಗುಳಿಗೆ ಹೇಳಿದೆ’ ಎಂದರೂ ಹೊಣೆ ಅಷ್ಟೇ ಇರುತ್ತದೆ, ಸಂಕೋಚಕ್ಕೆ ರಿಯಾಯಿತಿ ಇಲ್ಲ.

ಹಂತ 5: ಏನು ಹೇಳಬೇಕು

ವಿಷಯಕ್ಕೆ ಬರವಿಲ್ಲ. ಊರಿನ ಕಾಲಮಾನ ನೋಡಿ. ಮಾರ್ಚ್‌ನಿಂದ ಮೇವರೆಗೆ ವಿಜಯಪುರದ ಬಿಸಿಲು: ಹೊಲದ ಕೆಲಸದ ಹೊತ್ತು, ನೀರು, ಬಿಸಿಲು ಬಡಿದ ಗುರುತು. ಮಳೆಗಾಲದಲ್ಲಿ ಕೃಷ್ಣಾ, ಘಟಪ್ರಭಾ ದಂಡೆಯ ಊರುಗಳಿಗೆ ಕುಡಿಯುವ ನೀರು, ವಾಂತಿ ಭೇದಿ. ಅಥಣಿ, ಜಮಖಂಡಿ ಕಡೆ ಕಬ್ಬಿನ ಹೊಲಕ್ಕೆ ಹಾವು. ದ್ರಾಕ್ಷಿ ತೋಟದವರಿಗೆ ಔಷಧ ಹೊಡೆಯುವಾಗ ಕೈಗವಸು, ಮುಖಕ್ಕೆ ಬಟ್ಟೆ, ಕೆಲಸ ಮುಗಿದ ಮೇಲೆ ಸ್ನಾನ. ಸವದತ್ತಿ ಯಲ್ಲಮ್ಮನ ಜಾತ್ರೆಗೆ ಹೋಗುವವರು ಬಿ.ಪಿ., ಶುಗರಿನ ಗುಳಿಗೆ ಎಷ್ಟು ದಿನಕ್ಕೆ ಕಟ್ಟಿಕೊಳ್ಳಬೇಕು. ಶ್ರಾವಣದ ಉಪವಾಸ, ರಂಜಾನ್ ರೋಜಾಕ್ಕೆ ಮುಂಚೆ ಶುಗರ್ ಇರುವವರು ಡಾಕ್ಟರನ್ನು ಯಾಕೆ ಕಾಣಬೇಕು.

ಒಂದು ಪೋಸ್ಟಿಗೆ ಒಂದೇ ಪ್ರಶ್ನೆ. ‘ಮಧುಮೇಹ: ಸಮಗ್ರ ಮಾಹಿತಿ’ ಎಂಬುದನ್ನು ಯಾರೂ ಕೊನೆವರೆಗೆ ನೋಡುವುದಿಲ್ಲ. ‘ಶುಗರ್ ಇದ್ದವರು ಬರಿಗಾಲಲ್ಲಿ ಗುಡಿಗೆ ಹೋಗಬಹುದೇ?’ ಎಂದರೆ ನೋಡುತ್ತಾರೆ.

ಒಂದು ಮಾದರಿ. ವಿಷಯ: ಒಆರ್‌ಎಸ್ ಕಲಸುವುದು. ಹೇಳಬೇಕಾದದ್ದು: ಅಂಗಡಿಯಲ್ಲಿ ಎರಡು ಅಳತೆಯ ಪಾಕೀಟು ಸಿಗುತ್ತವೆ. ಸುಮಾರು 21 ಗ್ರಾಮಿನದಕ್ಕೆ ಒಂದು ಲೀಟರ್ ನೀರು, ಸುಮಾರು 4 ಗ್ರಾಮಿನದಕ್ಕೆ 200 ಮಿ.ಲೀ. ಪಾಕೀಟಿನ ಹಿಂದೆ ಓದಿ. ಒಂದು ಲೀಟರಿನ ನೀರಿನ ಬಾಟಲಿಯಲ್ಲೇ ಅಳೆಯಿರಿ. ಇಡೀ ದೊಡ್ಡ ಪಾಕೀಟನ್ನು ಒಂದು ಗ್ಲಾಸಿಗೆ ಸುರಿದರೆ ಉಪ್ಪು ಹೆಚ್ಚಾಗಿ ಕೂಸಿನ ರಕ್ತದಲ್ಲಿ ಸೋಡಿಯಂ ಏರುತ್ತದೆ, ಅದು ಅಪಾಯ. ಅರ್ಧ ಪಾಕೀಟು ಹಾಕಿ ಉಳಿದದ್ದನ್ನು ಮಡಚಿಡುವುದೂ ಬೇಡ. ಕಲಸಿದ ನೀರು ಕಾಯಿಸಬಾರದು, 24 ಗಂಟೆಯೊಳಗೆ ಮುಗಿಸಬೇಕು. ಕೂಸು ಮೂತ್ರ ಮಾಡದಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಆಸ್ಪತ್ರೆಗೆ. ಇದರಲ್ಲಿ ನಿಮ್ಮ ದವಾಖಾನೆಯ ಹೊಗಳಿಕೆ ಒಂದಕ್ಷರ ಇಲ್ಲ, ಜಾಹೀರಾತಿನ ಕಂಪನಿ ಇಲ್ಲ.

ಕಂಪನಿಯೊಂದು ಪ್ರೋಟೀನ್ ಪುಡಿ ಕೊಟ್ಟು ‘ಒಂದು ರೀಲ್ ಮಾಡಿ ಸರ್’ ಎಂದರೆ ಕೈ ಮುಗಿದು ಕಳಿಸಿ.

ಹಂತ 6: ವಿಡಿಯೊ ಮಾಡುವುದು

ಕ್ಯಾಮೆರಾ ಕೊಳ್ಳಬೇಡಿ, ಫೋನ್ ಸಾಕು. ದುಡ್ಡು ಹಾಕುವುದಾದರೆ ಅಂಗಿಗೆ ಸಿಕ್ಕಿಸುವ ಮೈಕಿಗೆ ಹಾಕಿ. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಮುಂದಕ್ಕೆ ಸರಿಸುತ್ತಾರೆ. ಫ್ಯಾನ್ ಆಫ್ ಮಾಡಿ, ಕಿಟಕಿಗೆ ಮುಖ ಮಾಡಿ ಕೂಡಿ. ಬೆನ್ನಿಗೆ ಬೆಳಕಿದ್ದರೆ ಮುಖ ಕಪ್ಪಾಗುತ್ತದೆ. ಹಿಂದೆ ಒಪಿಡಿ ರಜಿಸ್ಟರ್, ಪಾಳಿಯ ಪಟ್ಟಿ, ಕಾಯುತ್ತಿರುವ ಮಂದಿ ಕಾಣದಿರಲಿ.

90 ಸೆಕೆಂಡಿಗೆ ಸುಮಾರು 130ರಿಂದ 150 ಪದ ಬರೆದುಕೊಳ್ಳಿ. ಮೊದಲ ಸಾಲಿನಲ್ಲೇ ಪ್ರಶ್ನೆ ಬರಲಿ, ‘ಎಲ್ಲರಿಗೂ ನಮಸ್ಕಾರ, ನನ್ನ ಚಾನೆಲ್‌ಗೆ ಸ್ವಾಗತ’ ಬೇಡ. ಭಾಷೆ ನಿಮ್ಮ ಒಪಿಡಿಯಲ್ಲಿ ಆಡುವುದೇ ಇರಲಿ: ‘ಮಾತ್ರೆ’ಗಿಂತ ‘ಗುಳಿಗಿ’, ‘ಮಧುಮೇಹ’ಕ್ಕಿಂತ ‘ಸಕ್ಕರಿ ಬ್ಯಾನಿ’ ಬೇಗ ಮುಟ್ಟುತ್ತದೆ. ಮರಾಠಿ ಬಂದರೆ ಅದೇ ವಿಷಯವನ್ನು ಬೇರೆ ವಿಡಿಯೊ ಮಾಡಿ, ಒಂದರಲ್ಲೇ ಎರಡು ಭಾಷೆ ಬೆರೆಸಬೇಡಿ. ತಾನಾಗಿ ಬರುವ ಕನ್ನಡ ಅಕ್ಷರಪಟ್ಟಿಯನ್ನು ಹಾಗೇ ಬಿಡಬೇಡಿ, ಔಷಧದ ಹೆಸರು ಮತ್ತು ಅಂಕಿಗಳು ತಪ್ಪಾಗಿ ಬೀಳುತ್ತವೆ.

ಡೋಸು ಹೇಳಬೇಡಿ. ‘ದಿನಕ್ಕೆ ಎರಡು’ ಎಂದು ನೀವು ದೊಡ್ಡವರಿಗೆ ಹೇಳಿದ್ದನ್ನು ಯಾರೋ ತಮ್ಮ ಎಂಟು ವರ್ಷದ ಮಗನಿಗೆ ಹಾಕಿರುತ್ತಾರೆ. ವಿಡಿಯೊ ಮೇಲೆ ತಿಂಗಳು ಮತ್ತು ವರ್ಷ ಬರೆಯಿರಿ. ಚಿಕಿತ್ಸೆ ಬದಲಾದರೆ ಹಳೆಯದನ್ನು ತೆಗೆದುಹಾಕಿ. ನೀವು ಅಳಿಸಿದರೂ ವಾಟ್ಸ್‌ಆ್ಯಪ್‌ನಲ್ಲಿ ಅದು ತಿರುಗುತ್ತಲೇ ಇರುತ್ತದೆ, ಆಗ ದಿನಾಂಕವೊಂದೇ ಗತಿ.

ಹಂತ 7: ಫೋಟೊ, ಎಕ್ಸ್‌ರೇ, ಶಾಲು

ರೋಗಿಯ ಗುರುತು ಸಿಗುವಂಥ ಫೋಟೊ ಅಥವಾ ಕೇಸನ್ನು ಅವರ ಅನುಮತಿಯಿಲ್ಲದೆ ಪ್ರಕಟಿಸಬಾರದು ಎನ್ನುವುದು 2002ರ ನಿಯಮ. ಗುರುತು ಎಂದರೆ ಮುಖ ಮಾತ್ರವಲ್ಲ. ಕಣ್ಣಿಗೆ ಕಪ್ಪು ಪಟ್ಟಿ ಎಳೆದರೆ ಮನೆಯವರಿಗೆ ಗುರುತು ಸಿಗದಿರುತ್ತದೆಯೇ? ಹಚ್ಚೆ, ಉಂಗುರ, ಕೈಯ ದಾರ, ಸೀರೆಯ ಅಂಚು, ಧ್ವನಿ, ಎಲ್ಲವೂ ಹೇಳಿಬಿಡುತ್ತವೆ.

ಸಹೋದ್ಯೋಗಿಗಳ ಗ್ರೂಪಿಗೆ ಎಕ್ಸ್‌ರೇ ಕಳಿಸುವ ಮುನ್ನ ಹೀಗೆ ಮಾಡಿ. ಫಿಲ್ಮಿನ ಮೂಲೆಯಲ್ಲಿ ಹೆಸರು, ವಯಸ್ಸು, ಆಸ್ಪತ್ರೆ ಸಂಖ್ಯೆ, ದಿನಾಂಕ ಇರುತ್ತವೆ. ಸೊನೊಗ್ರಫಿಯಲ್ಲಿ ಮೇಲಿನ ಪಟ್ಟಿಯಲ್ಲಿ ಇರುತ್ತವೆ. ಅವನ್ನು ಫೋನಿನ ಪೆನ್ನಿನಿಂದ ಅಳಿಸಬೇಡಿ. ಆ ಗೆರೆ ಎಷ್ಟೋ ಫೋನುಗಳಲ್ಲಿ ಅರೆಪಾರದರ್ಶಕ, ಬೆಳಕು ಹೆಚ್ಚಿಸಿದರೆ ಹೆಸರು ಮೇಲೆದ್ದು ಕಾಣುತ್ತದೆ. ಆ ಭಾಗವನ್ನೇ ಕತ್ತರಿಸಿ. ಕತ್ತರಿಸಿದ ಚಿತ್ರದ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಕಳಿಸಿ, ಆಗ ಮೂಲ ಫೋಟೊದಲ್ಲಿ ಅಡಗಿರುವ ಜಾಗ ಮತ್ತು ಸಮಯದ ವಿವರವೂ ಹೋಗುವುದಿಲ್ಲ. ಕಡತದ ಹೆಸರಿನಲ್ಲೇ ರೋಗಿಯ ಹೆಸರು ಇದೆಯೇ ನೋಡಿ. ಊರು ಮತ್ತು ಉದ್ಯೋಗ ಎರಡನ್ನೂ ಬರೆಯಬೇಡಿ.

ನಿಜವಾಗಿಯೂ ಫೋಟೊ ಬೇಕೆಂದರೆ ಒಪ್ಪಿಗೆ ಪತ್ರ ಕನ್ನಡದಲ್ಲಿ, ಆಪರೇಷನ್ ಒಪ್ಪಿಗೆಯಿಂದ ಬೇರೆಯಾಗಿ ಇರಲಿ. ಅದರಲ್ಲಿ ಇರಬೇಕಾದದ್ದು: ಯಾವ ಫೋಟೊ, ಎಲ್ಲಿ ಹಾಕುತ್ತೀರಿ, ಯಾಕೆ; ಒಪ್ಪದಿದ್ದರೆ ಚಿಕಿತ್ಸೆಗೆ ತೊಂದರೆಯಿಲ್ಲ; ಮುಂದೆ ಬೇಡವೆಂದರೆ ತೆಗೆಯುತ್ತೇವೆ; ಆದರೆ ಈಗಾಗಲೇ ಹರಡಿದ್ದನ್ನು ವಾಪಸ್ ತರಲು ಆಗದು. ಸಹಿ ಅಥವಾ ಹೆಬ್ಬೆಟ್ಟು, ಜೊತೆಗೆ ದವಾಖಾನೆಯವರಲ್ಲದ ಒಬ್ಬ ಸಾಕ್ಷಿ. ಸ್ಟ್ರೆಚರ್ ಮೇಲಿರುವಾಗ ಸಹಿ ಹಾಕಿಸಬೇಡಿ. ಎಚ್‌ಐವಿ, ಮಾನಸಿಕ ಚಿಕಿತ್ಸೆ, ಲೈಂಗಿಕ ದೌರ್ಜನ್ಯದ ಪ್ರಕರಣಗಳಿಗೆ ಪ್ರತ್ಯೇಕ ಕಾನೂನಿನ ರಕ್ಷಣೆಯಿದೆ. ಅವುಗಳ ಸುದ್ದಿಗೇ ಹೋಗಬೇಡಿ.

ನಮ್ಮ ಕಡೆಯ ಇನ್ನೊಂದು ಪೇಚು ಸನ್ಮಾನ. ಗುಣವಾದ ರೋಗಿಯ ಮನೆಯವರು ಶಾಲು ಹೊದಿಸಿ, ಹಾರ ಹಾಕಿ, ‘ನಮ್ಮ ತಂದೆಗೆ ಜೀವ ಕೊಟ್ಟ ದೇವರು’ ಎಂದು ವಿಡಿಯೊ ಹಾಕಿ ನಿಮ್ಮನ್ನು ಟ್ಯಾಗ್ ಮಾಡುತ್ತಾರೆ. ಶಾಲು ಒಲ್ಲೆ ಎಂದರೆ ಮನಸ್ಸು ನೊಂದುಕೊಳ್ಳುತ್ತಾರೆ. ಶಾಲು ತೆಗೆದುಕೊಳ್ಳಿ, ವಿಡಿಯೊ ಹಂಚಬೇಡಿ. ಟ್ಯಾಗ್ ಬಂದರೆ ನಿಮ್ಮ ಒಪ್ಪಿಗೆಯಿಲ್ಲದೆ ಪೇಜಿನಲ್ಲಿ ಕಾಣದಂತೆ ಸೆಟ್ಟಿಂಗ್ ಹಾಕಿ.

ಹಂತ 8: ಕೆಟ್ಟ ರಿವ್ಯೂ, ವೈರಲ್ ವಿಡಿಯೊ, ನಕಲಿ ಖಾತೆ

ಗೂಗಲ್ ಮ್ಯಾಪ್‌ನಲ್ಲಿ ಒಂದು ನಕ್ಷತ್ರ ಕೊಟ್ಟು ಬೈದವರಿಗೆ ‘ನೀವು 12ನೇ ತಾರೀಖು ಬಂದಾಗ ಶುಗರ್ 380 ಇತ್ತು, ಗುಳಿಗೆ ತಗೊಂಡಿರಲಿಲ್ಲ’ ಎಂದು ಉತ್ತರಿಸಿದರೆ, ತಪ್ಪು ಅವರದಿದ್ದರೂ ಗುಟ್ಟು ಒಡೆದವರು ನೀವು. ಅವರು ನಿಮ್ಮ ರೋಗಿ ಎಂದು ಒಪ್ಪಿಕೊಳ್ಳುವುದೂ ಬೇಡ. ‘ರೋಗಿಗಳ ಮಾಹಿತಿ ಇಲ್ಲಿ ಚರ್ಚಿಸುವುದಿಲ್ಲ. ದೂರು ಇದ್ದರೆ ದಯವಿಟ್ಟು ದವಾಖಾನೆಯ ನಂಬರಿಗೆ ಕರೆ ಮಾಡಿ, ಕೂತು ಮಾತಾಡೋಣ.’ ಇಷ್ಟು ಬರೆದು ನಿಲ್ಲಿಸಿ, ಎರಡನೇ ಉತ್ತರ ಬರೆಯಬೇಡಿ. ಸಿಬ್ಬಂದಿಯಿಂದ ಸುಳ್ಳು ಐದು ನಕ್ಷತ್ರ ಹಾಕಿಸುವುದೂ ಬೇಡ.

ಸಾವು ಸಂಭವಿಸಿ ಗಲಾಟೆಯ ವಿಡಿಯೊ ಹರಡಿದರೆ ಆ ದಿನ ನೀವು ಏನೂ ಬರೆಯಬೇಡಿ. ಪೋಸ್ಟಿನ ಕೊಂಡಿ, ಹಾಕಿದವರ ಹೆಸರು, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ವೃತ್ತಿ ವಿಮೆ ಕಂಪನಿಗೆ ಮತ್ತು ವಕೀಲರಿಗೆ ಅದೇ ದಿನ ತಿಳಿಸಿ. ಕೇಸ್ ಶೀಟಿನ ಪುಟ ತೋರಿಸಿ ‘ನೋಡಿ, ತಪ್ಪು ನಮ್ಮದಲ್ಲ’ ಎನ್ನುವ ಆಸೆ ಬರುತ್ತದೆ. ಆ ಪುಟ ತೋರಿಸುವ ಜಾಗ ಕೋರ್ಟು ಅಥವಾ ಕೌನ್ಸಿಲ್, ಫೇಸ್‌ಬುಕ್ ಅಲ್ಲ.

ನಿಮ್ಮ ಮುಖ, ಧ್ವನಿ ಬಳಸಿ ಮೊಣಕಾಲು ನೋವಿನ ಎಣ್ಣೆ ಮಾರುವ ನಕಲಿ ವಿಡಿಯೊ ಕಂಡರೆ ಆ ಜಾಲತಾಣದಲ್ಲೇ ‘ಬೇರೆಯವರಂತೆ ನಟನೆ’ ಎಂಬ ಕಾರಣ ಆರಿಸಿ ದೂರು ಕೊಡಿ, ಅದರ ಕುಂದುಕೊರತೆ ಅಧಿಕಾರಿಗೂ ಬರೆಯಿರಿ, ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದಾಖಲಿಸಿ. ದವಾಖಾನೆಯ ಗೋಡೆಗೂ ಒಂದು ಚೀಟಿ ಅಂಟಿಸಿ: ‘ಡಾಕ್ಟರು ಯಾವ ಔಷಧವನ್ನೂ ಆನ್‌ಲೈನ್‌ನಲ್ಲಿ ಮಾರುವುದಿಲ್ಲ.’ ಪೋರ್ಟಲ್ ನೋಡದ ಮಂದಿ ಗೋಡೆ ನೋಡುತ್ತಾರೆ.

ಹಂತ 9: ತಿಂಗಳಿಗೊಮ್ಮೆ ತಪಾಸಣೆ

ವಾರಕ್ಕೆ ಒಂದು ಪೋಸ್ಟ್ ಸಾಕು. ತಿಂಗಳ ಕೊನೆಗೆ ಅರ್ಧ ಗಂಟೆ ಕೂತು, ಗೂಗಲ್ ಮ್ಯಾಪ್‌ನಲ್ಲಿ ಸಮಯ ಮತ್ತು ಫೋನ್ ನಂಬರ್ ಸರಿಯಿದೆಯೇ, ಹಬ್ಬದ ರಜೆ ಹಾಕಿದೆಯೇ ನೋಡಿ. ಮರೆಮಾಡಿದ ಕಮೆಂಟುಗಳಲ್ಲಿ ಉತ್ತರ ಬೇಕಾದವು ಉಳಿದಿವೆಯೇ ನೋಡಿ. ಒಂದೇ ಪ್ರಶ್ನೆ ಐದಾರು ಸಲ ಬಂದಿದ್ದರೆ ಮುಂದಿನ ವಿಡಿಯೊ ಅದೇ.

ಕೊನೆಗೆ ವಾಟ್ಸ್‌ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ ತೆರೆಯಿರಿ. ಒಂದು ಖಾತೆಗೆ ನಾಲ್ಕು ಬೇರೆ ಸಾಧನ ಜೋಡಿಸಬಹುದು. ಕೆಲಸ ಬಿಟ್ಟುಹೋದ ಕಂಪೌಂಡರನ ಲ್ಯಾಪ್‌ಟಾಪ್ ಅದರಲ್ಲಿ ಇನ್ನೂ ಇದ್ದರೆ, ರೋಗಿಗಳ ಹೊಸ ಮೆಸೇಜುಗಳೂ ಅಲ್ಲಿ ತೆರೆದುಕೊಳ್ಳುತ್ತಿರುತ್ತವೆ. ಅದರ ಹೆಸರಿನ ಮೇಲೆ ಒತ್ತಿ ಲಾಗ್‌ಔಟ್ ಮಾಡಿ, ಪೇಜಿನ ನಿರ್ವಾಹಕರ ಪಟ್ಟಿಯಿಂದಲೂ ಅವನ ಹೆಸರು ತೆಗೆಯಿರಿ, ಇಮೇಲಿನ ಪಾಸ್‌ವರ್ಡ್ ಬದಲಿಸಿ.